ಒದ್ದೆ ತಟ್ಟಿಯಿಂದ ಪುಟ್ಟ ಕೂಲರ್‌ವರೆಗೆ: ಬಳ್ಳಾರಿ ಬಿಸಿಲಿನ ಒಂದು ಲೆಕ್ಕ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಳೆಯ ನಗೆಮಾತು ಈ ಊರಿಗೆ ವರ್ಗವಾಗಿ ಬರುವ ಪ್ರತಿಯೊಬ್ಬ ನೌಕರನ ಕಿವಿಗೂ ಮೊದಲ ವಾರದಲ್ಲೇ ಬೀಳುತ್ತದೆ. ವರದಿಗಾರನಾಗಿ ನಾನು ಇಲ್ಲಿಗೆ ಬಂದಾಗಲೂ ಯಾರೋ ಅದನ್ನು ಹೇಳಿದ್ದರು. ನಕ್ಕಿದ್ದೆ. ಮಾರ್ಚ್ ಕಳೆಯುತ್ತಲೇ ನಗು ನಿಂತಿತು.

ಆಗ ನಾನಿದ್ದ ಬಾಡಿಗೆ ಕೋಣೆ ಮೂರನೆಯ ಅಂತಸ್ತಿನಲ್ಲಿತ್ತು. ಅದರ ಮೇಲೆ ಬರೀ ಆರ್‌ಸಿಸಿ ತಾರಸಿ. ರಾತ್ರಿ ಹನ್ನೊಂದು ಗಂಟೆಗೆ ಗೋಡೆ ಮುಟ್ಟಿದರೂ ಕೈಗೆ ಬಿಸಿ ತಾಗುತ್ತಿತ್ತು. ಫ್ಯಾನು ಹಾಕಿದರೆ ಅದು ಸೂರಿನ ಬಿಸಿಯನ್ನೇ ಕೆಳಕ್ಕೆ ತಂದು ಮೈಮೇಲೆ ಸುರಿಯುತ್ತಿತ್ತು. ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ಆ ಪುಟ್ಟ ಕೂಲರ್ ಕಂಡದ್ದು ಅಂಥ ದಿನಗಳಲ್ಲೇ. ಎರಡು ಬೊಗಸೆಯಲ್ಲಿ ಹಿಡಿಯುವಷ್ಟು ದೊಡ್ಡದು, ಅರ್ಧ ಲೀಟರ್ ನೀರು ಹಿಡಿಯುವ ತೊಟ್ಟಿ, ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದರೆ ತಿರುಗುವ ಫ್ಯಾನು. ಡಬ್ಬಿಯ ಮೇಲೆ ಹಿಮದ ಬೆಟ್ಟದ ಚಿತ್ರ. ಇದು ಕೆಲಸ ಮಾಡುತ್ತದೆಯೇ ಎಂದು ಕೇಳಿದೆ. ಅಂಗಡಿಯವರು ಪ್ರಾಮಾಣಿಕರು. "ಎದುರಿಗಿಟ್ಕೊಂಡು ಕೂತ್ರ ಮುಖಕ್ಕ ತಂಪು ಬರ್ತೈತಿ ಸಾರ್. ಮನಿ ತಂಪಾಗ್ತೈತಿ ಅಂತ ನಾನಂತೂ ಹೇಳಂಗಿಲ್ಲ" ಎಂದರು. ಆದರೂ ಕೊಂಡೆ. ಬೇಸಿಗೆಯಲ್ಲಿ ಮನುಷ್ಯನ ಬುದ್ಧಿ ಹಾಗೆಯೇ.

ಆ ಮಾತನ್ನು ಮತ್ತೆ ನೆನಪಿಸಿದ್ದು ಕೌಲ್ ಬಜಾರ್‌ನ ಒಂದು ಮನೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಹೆಸರಾಂತದ್ದು. ಅದರಲ್ಲಿ ದೊಡ್ಡ ಪಾಲು ಹೊಲಿಗೆ ನಡೆಯುವುದು ಸಣ್ಣ ಸಣ್ಣ ಮನೆಗಳಲ್ಲಿ. ವರದಿಗೆಂದು ಹೋದ ಆ ಮನೆ ಹತ್ತಡಿ ಅಗಲ, ಹತ್ತಡಿ ಉದ್ದ, ಮೇಲೆ ತಗಡಿನ ಶೀಟು. ಎರಡು ಹೊಲಿಗೆ ಯಂತ್ರ, ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ವಯಸ್ಸಾದ ಅತ್ತೆ. ಸೊಸೆ ಯಂತ್ರ ನಿಲ್ಲಿಸದೆಯೇ ಕೇಳಿದರು: "ಅಣ್ಣಾ, ಸಣ್ಣ ಕೂಲರ್ ಬಂದಾವಂತಲ್ಲ, ಅದನ್ನ ತಗೊಂಡ್ರ ಈ ಮನಿ ತಣ್ಣಗಾಗ್ತೈತೇನ್ರೀ? ಅತ್ತಿ ರಾತ್ರಿ ನಿದ್ದಿ ಮಾಡವಲ್ಲರು." ವಾರಗಟ್ಟಲೆ ಉಳಿಸಿದ ದುಡ್ಡು ಆ ಪ್ರಶ್ನೆಯ ಹಿಂದಿತ್ತು. ಹೌದು ಎನ್ನಲೂ ಆಗದೆ, ಇಲ್ಲ ಎನ್ನಲೂ ಗೊತ್ತಾಗದೆ, ತಿಳಿದುಕೊಂಡು ಬಂದು ಹೇಳುತ್ತೇನೆ ಅಕ್ಕಾ ಎಂದು ಎದ್ದು ಬಂದೆ. ತಿಳಿದುಕೊಳ್ಳಲು ಹೊರಟರೆ ಕಥೆ ನೂರಾರು ವರ್ಷ ಹಿಂದಕ್ಕೆ ಕರೆದೊಯ್ದಿತು.

ಹರವಿಯ ಬೆವರು

ಕೂಲರ್‌ನ ಗುಟ್ಟು ನಮ್ಮ ಅಡುಗೆಮನೆಯ ಮೂಲೆಯಲ್ಲೇ ಇದೆ. ಮಣ್ಣಿನ ಹರವಿಯ ನೀರು ತಣ್ಣಗಿರುವುದೇಕೆ? ಹರವಿಯ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಗೆ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಹರವಿಯಿಂದ, ಒಳಗಿನ ನೀರಿನಿಂದ ಕಿತ್ತುಕೊಳ್ಳುತ್ತದೆ. ಬೆವರಿದ ಮೈಗೆ ಗಾಳಿ ಬೀಸಿದಾಗ ಹಿತವೆನಿಸುವುದೂ ಇದೇ ಕಾರಣಕ್ಕೆ. ಹಿತ್ತಾಳೆ ಕೊಡ ಬೆವರುವುದಿಲ್ಲ, ಆದ್ದರಿಂದ ಅದರ ನೀರು ಮನೆಯಷ್ಟೇ ಬೆಚ್ಚಗಿರುತ್ತದೆ.

ಇದರಲ್ಲಿ ಅಚ್ಚರಿಯ ಸಂಗತಿಯೆಂದರೆ ಆ ಶಾಖದ ಪ್ರಮಾಣ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಒಲೆಯ ಮೇಲಿಟ್ಟು 100 ಡಿಗ್ರಿಗೆ ತರಲು 70 ಕಿಲೋ ಕ್ಯಾಲೊರಿ ಸಾಕು. ಅದೇ ಒಂದು ಲೀಟರ್ ನೀರು 30 ಡಿಗ್ರಿಯಲ್ಲಿ ಸುಮ್ಮನೆ ಆರಿ ಆವಿಯಾಗಲು ಸುಮಾರು 580 ಕಿಲೋ ಕ್ಯಾಲೊರಿ ಬೇಕು. ಎಂಟು ಪಟ್ಟಿಗೂ ಹೆಚ್ಚು! ಉಷ್ಣ ವಿದ್ಯುತ್ ಸ್ಥಾವರಗಳ ಎತ್ತರದ ಕೂಲಿಂಗ್ ಟವರ್‌ಗಳು ನೆಚ್ಚಿಕೊಂಡಿರುವುದೂ ಇದನ್ನೇ. ಹರವಿಗೂ ಅವಕ್ಕೂ ಗಾತ್ರದ ವ್ಯತ್ಯಾಸವಷ್ಟೇ.

ಈ ವಿದ್ಯೆಯನ್ನು ಅರಮನೆಯ ಮಟ್ಟಕ್ಕೆ ಏರಿಸಿದವರೂ ನಮ್ಮಲ್ಲಿದ್ದರು. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ಬಳ್ಳಾರಿ ಸೀಮೆ ಬಿಜಾಪುರದ ಆದಿಲಶಾಹಿಗಳ ಅಂಕೆಗೆ ಬಂತು. ಆ ಸುಲ್ತಾನರು ತಮ್ಮ ರಾಜಧಾನಿಯ ಹತ್ತಿರದ ಕುಮಟಗಿಯಲ್ಲಿ ಕೆರೆಯ ನಡುವೆ ಬೇಸಿಗೆಯ ಮಂಟಪಗಳನ್ನು ಕಟ್ಟಿಸಿ, ಎತ್ತರದ ತೊಟ್ಟಿಗಳಿಂದ ಕೊಳವೆಗಳಲ್ಲಿ ನೀರು ಹರಿಸಿ, ತುಂತುರಾಗಿ ಚಿಮ್ಮಿಸುವ ಏರ್ಪಾಡು ಮಾಡಿದ್ದರು. ಇಂದಿಗೂ ಆ ಕಟ್ಟಡಗಳ ಅವಶೇಷ ನೋಡಬಹುದು. ಗಾಳಿ, ನೀರು, ಒಣ ಹವೆ ಈ ಮೂರೂ ಸೇರಿದರೆ ತಂಪು ಹುಟ್ಟುತ್ತದೆಂದು ಅವರಿಗೆ ಗೊತ್ತಿತ್ತು. ಮೂರರಲ್ಲಿ ಒಂದು ಇಲ್ಲದಿದ್ದರೂ ಆಟ ನಡೆಯದು. ಮುಂದಿನ ಕಥೆಯೆಲ್ಲ ಈ ಮಾತಿನ ಸುತ್ತಲೇ ಸುತ್ತುತ್ತದೆ.

ಮಾಳಿಗೆಯ ಜಾಣತನ

ಸುಲ್ತಾನರಿಗೆ ಕೊಳವೆ ಇತ್ತು, ರೈತನಿಗೆ? ಅವನಿಗೆ ಮಣ್ಣಿತ್ತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿರುವ ಮಾಳಿಗೆ ಮನೆಗಳನ್ನು ಓದುಗರು ನೋಡಿರಬಹುದು. ದಪ್ಪ ಗೋಡೆ, ಸಣ್ಣ ಕಿಟಕಿ, ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಒಂದಡಿಯಷ್ಟು ಮಣ್ಣು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣಿನ ಮುಚ್ಚಿಗೆ. ಬೆಳೆಗೆ ಬಾರದ ಚೌಳು ಮಣ್ಣು ಸೂರಿಗೆ ಏಕೆ ಬಂತು? ಅದರಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ಬಿದ್ದೊಡನೆ ಅಂಥ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಶಾಪವಾದದ್ದು ಮಾಳಿಗೆಯ ಮೇಲೆ ವರ!

ಈ ಮನೆ ಬಿಸಿಲನ್ನು ತಡೆಯುತ್ತಿರಲಿಲ್ಲ, ತಡಮಾಡುತ್ತಿತ್ತು. ಒಂದಡಿ ಮಣ್ಣನ್ನು ಹಾದು ಬಿಸಿ ಒಳಗೆ ಇಳಿಯಲು ಸುಮಾರು ಎಂಟು ಹತ್ತು ಗಂಟೆ ಬೇಕು. ನಡುಮಧ್ಯಾಹ್ನದ ಬಿಸಿಲು ಒಳಗಿನ ಜಂತಿಯನ್ನು ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತಿತ್ತು. ಅಷ್ಟರಲ್ಲಿ ಮನೆಮಂದಿಯೆಲ್ಲ ಚಾಪೆ ಹಿಡಿದು ಅದೇ ಮಾಳಿಗೆಯ ಮೇಲೆ ಹತ್ತಿ ಮಲಗಿರುತ್ತಿದ್ದರು! ಹಗಲು ಒಳಗೆ, ರಾತ್ರಿ ಮೇಲೆ. ಸೂರಿನ ಬೆಳಕಿಂಡಿಯಿಂದ ಬಿಸಿ ಗಾಳಿ ತಾನೇ ಹೊರಹೋಗುತ್ತಿತ್ತು.

ಮಣ್ಣಿನ ಈ ನೆಂಟಸ್ತನ ಎಷ್ಟು ಹಳೆಯದೆಂದರೆ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ 1963ರಿಂದ 1965ರ ಅವಧಿಯಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನೂತನ ಶಿಲಾಯುಗದ ಜನರ ಗುಡಿಸಲುಗಳ ಕುರುಹು ಸಿಕ್ಕಿತು. ಬಂಡೆಗಳ ನಡುವೆ ಕಡ್ಡಿ ತಡಿಕೆಗೆ ಮಣ್ಣು ಮೆತ್ತಿದ ದುಂಡನೆಯ ಗುಡಿಸಲುಗಳು.

ಮಾಳಿಗೆ ಹೋಗಿ ಆರ್‌ಸಿಸಿ ಬಂದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಮಳೆಗಾಲಕ್ಕೆ ಮುಂಚೆ ವರ್ಷ ವರ್ಷವೂ ಮಣ್ಣು ಹೊರುವ ಕಷ್ಟ, ಸೋರುವ ಕಾಟ, ಗೆದ್ದಲು, ಚೇಳು, ಇವೆಲ್ಲ ಅನುಭವಿಸಿದವರಿಗೇ ಗೊತ್ತು. ಆದರೆ ನಾಲ್ಕೈದು ಅಂಗುಲದ ಕಾಂಕ್ರೀಟನ್ನು ಬಿಸಿ ಮೂರು ನಾಲ್ಕು ಗಂಟೆಯಲ್ಲೇ ದಾಟುತ್ತದೆ. ಸಂಜೆಯಿಂದ ನಡುರಾತ್ರಿಯವರೆಗೆ ಸೂರು ಕಾದ ಹೆಂಚಿನಂತೆ ಕೆಳಗಿನವರನ್ನು ಬೇಯಿಸುತ್ತದೆ. ತಗಡಿನ ಶೀಟಿಗಂತೂ ತಡವೆಂಬುದೇ ಇಲ್ಲ. ಹೊರಗೆ ಬಿಸಿಲು ಬಿದ್ದ ಕ್ಷಣವೇ ಒಳಗೆ ಉರಿ. ಕೌಲ್ ಬಜಾರ್‌ನ ಆ ಮನೆಯ ತೊಂದರೆ ಶುರುವಾಗುವುದು ಗಾಳಿಯಿಂದಲ್ಲ, ತಲೆಯ ಮೇಲಿನ ತಗಡಿನಿಂದ.

ದಂಡಿನ ಊರಿನ ತಟ್ಟಿಗಳು

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಕಡಪ ಮೊದಲಾದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇದರ ಮುಖ್ಯ ಕಲೆಕ್ಟರಾಗಿ ಬಂದ. ಬಳ್ಳಾರಿ ಮದರಾಸು ಪ್ರಾಂತದ ದೊಡ್ಡ ದಂಡಿನ ಊರುಗಳಲ್ಲಿ ಒಂದಾಯಿತು. ಚಳಿ ದೇಶದಿಂದ ಬಂದ ಸಿಪಾಯಿಗಳು, ಅಧಿಕಾರಿಗಳು ಈ ಬಂಡೆಗಳ ನಡುವೆ ಬೇಸಿಗೆ ಕಳೆಯಬೇಕಾಯಿತು.

ಇಂಥ ಊರುಗಳಲ್ಲಿ ಅವರು ಹಿಡಿದ ದಾರಿ ಈ ದೇಶದ್ದೇ. ಲಾವಂಚದ ಬೇರನ್ನು ಬಿದಿರಿನ ಚೌಕಟ್ಟಿಗೆ ಹೆಣೆದು ತಟ್ಟಿ ಮಾಡುವುದು, ಬಿಸಿಗಾಳಿ ಬೀಸುವ ದಿಕ್ಕಿನ ಬಾಗಿಲು ಕಿಟಕಿಗೆ ಅದನ್ನು ಕಟ್ಟುವುದು, ಹೊರಗಿನಿಂದ ಆಗಾಗ ನೀರು ಎರಚುವುದು. ಕಾದ ಗಾಳಿ ಒದ್ದೆ ಬೇರುಗಳನ್ನು ಹಾದು ಒಳಬರುವಾಗ ತಂಪಾಗಿ, ಲಾವಂಚದ ಘಮವನ್ನೂ ಹೊತ್ತು ತರುತ್ತಿತ್ತು. ತಟ್ಟಿ ಎಂಬ ಪದ ನಮಗೆ ಹೊಸದಲ್ಲ. ಅದು ಆಂಗ್ಲರ ಬಾಯಿಗೂ ಎಷ್ಟು ಅಂಟಿತೆಂದರೆ 1886ರಲ್ಲಿ ಪ್ರಕಟವಾದ 'ಹಾಬ್ಸನ್ ಜಾಬ್ಸನ್' ಎಂಬ ಪ್ರಸಿದ್ಧ ಪದಕೋಶದಲ್ಲಿ ಅದಕ್ಕೊಂದು ಜಾಗವೇ ಸಿಕ್ಕಿತು.

ಅದೇ ಕೋಶದಲ್ಲಿ ಇನ್ನೊಂದು ಪದವಿದೆ, 'ಥರ್ಮಾಂಟಿಡೋಟ್'. ಹೆಸರು ಕೇಳಿ ಔಷಧವೆಂದುಕೊಳ್ಳಬೇಡಿ. ಅದೊಂದು ಯಂತ್ರ. ಕಾಳು ತೂರುವ ಯಂತ್ರದಂಥದ್ದನ್ನು ಕಿಟಕಿಗೆ ಜೋಡಿಸಿ, ಸುತ್ತ ಒದ್ದೆ ತಟ್ಟಿ ಕಟ್ಟಿ, ಒಬ್ಬ ಆಳು ಹಿಡಿಕೆ ತಿರುವುತ್ತಿದ್ದರೆ ಒಳಗೆ ತಂಗಾಳಿ ನುಗ್ಗುತ್ತಿತ್ತು. ಗಾಳಿ ಬೀಸದ ದಿನಕ್ಕೂ ತಟ್ಟಿ ಕೆಲಸ ಮಾಡಲೆಂದು ಹುಟ್ಟಿದ ಉಪಾಯ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹೊಟ್ಟು ತೂರುವ ಫ್ಯಾನನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾದೀತು. ಇಂದಿನ ಕೂಲರ್‌ನಲ್ಲಿ ಇರುವುದೆಲ್ಲವೂ ಅದರಲ್ಲಿತ್ತು: ಫ್ಯಾನು, ಒದ್ದೆ ಮೆತ್ತೆ, ಕಿಟಕಿ. ಮೋಟಾರಿನ ಜಾಗದಲ್ಲಿ ಮಾತ್ರ ಒಬ್ಬ ಮನುಷ್ಯ.

ಆ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಒಳಗಿನವರಿಗೆ ತಂಪು ಬೇಕಾದರೆ ಹೊರಗೆ ಬಿಸಿಲಲ್ಲಿ ಒಬ್ಬ ನೀರು ಎರಚಬೇಕಿತ್ತು, ಒಬ್ಬ ಹಿಡಿಕೆ ತಿರುವಬೇಕಿತ್ತು, ಇನ್ನೊಬ್ಬ ರಾತ್ರಿಯಿಡೀ ಪಂಖದ ಹಗ್ಗ ಎಳೆಯಬೇಕಿತ್ತು. ಎಳೆಯುತ್ತಾ ನಿದ್ದೆ ತೂಗಿದ್ದಕ್ಕೆ ಏಟು ತಿಂದವರೆಷ್ಟೋ. ಬಂಗಲೆಯ ತಂಪಿಗೆ ಬೆವರಿನ ಬೆಲೆ ಕೊಟ್ಟವರು ಬಂಗಲೆಯ ಹೊರಗಿದ್ದರು.

ತಟ್ಟಿಯ ಮಿತಿಯೂ ಅವರಿಗೆ ತಿಳಿದಿತ್ತು. ಒಳನಾಡಿನ ಒಣಗಾಳಿಯಲ್ಲಿ ಅದು ಸ್ವರ್ಗ. ಸಮುದ್ರದ ತೇವ ತುಂಬಿದ ಮದರಾಸು, ಕಲ್ಕತ್ತೆಯಲ್ಲಿ ಅಷ್ಟು ಪ್ರಯೋಜನವಿಲ್ಲ. ಬಹುಶಃ ಅದಕ್ಕೇ ಆ ಊರುಗಳು ಬೇರೆ ದಾರಿ ನೋಡಿದವು. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹೊರಟ ಮಂಜುಗಡ್ಡೆಯ ಹಡಗು ಕಲ್ಕತ್ತೆಗೆ ಬಂದು ಮುಟ್ಟಿತು. ಮದರಾಸಿನ ಕಡಲತಡಿಯ 'ಐಸ್ ಹೌಸ್' ಅದೇ ವ್ಯಾಪಾರದ ಗುರುತು. ಅಂದಹಾಗೆ, ನಾವು ಏಸಿ ಕೊಳ್ಳುವಾಗ 'ಒಂದೂವರೆ ಟನ್' ಎನ್ನುತ್ತೇವಲ್ಲ, ಅದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಶಕ್ತಿ ಎಂದು ಅರ್ಥ. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಹವಾನಿಯಂತ್ರಣ ವ್ಯವಸ್ಥೆ ರೂಪಿಸಿದ ಮೇಲೆ ಮಂಜುಗಡ್ಡೆ ಹೋಯಿತು, ಅದರ ಅಳತೆ ಉಳಿಯಿತು.

ತಗಡಿನ ಡಬ್ಬಿ, ಪ್ಲಾಸ್ಟಿಕ್ ಡಬ್ಬಿ

ವಿದ್ಯುತ್ ಬಂದಾಗ ಹಿಡಿಕೆ ತಿರುವುವವನ ಕೆಲಸ ಮೋಟಾರಿಗೆ ಹೋಯಿತು, ನೀರು ಎರಚುವವನ ಕೆಲಸ ಪಂಪಿಗೆ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ 1930ರ ದಶಕದಲ್ಲಿ ಆಸ್ಪೆನ್ ಮರದ ತೆಳು ಎಳೆಗಳ ಮೆತ್ತೆ ಹಾಕಿದ ಕೂಲರ್‌ಗಳು ಮನೆಮನೆಗೆ ಬಂದವು. ನಮ್ಮಲ್ಲೂ ಉತ್ತರದ ಒಣ ಊರುಗಳಲ್ಲಿ ತಗಡಿನ ದೊಡ್ಡ ಡಬ್ಬಿಯ 'ಡೆಸರ್ಟ್ ಕೂಲರ್' ಬೇಸಿಗೆಯ ಗುರುತಾಯಿತು. ಮೂರು ಕಡೆ ಮೆತ್ತೆ, ಮುಂದೆ ಫ್ಯಾನು, ಕೆಳಗೆ ತೊಟ್ಟಿ. ಕೂಲರ್‌ನ ಈ ಮೆತ್ತೆಯನ್ನು ಅಂಗಡಿಯವರು ಸುಮ್ಮನೆ ಹುಲ್ಲು ಎನ್ನುತ್ತಾರೆ. 1988ರಲ್ಲಿ ಅಹಮದಾಬಾದಿನಲ್ಲಿ ಸಿಂಫನಿ ಕಂಪನಿ ಶುರುವಾಗಿ, ಇದೇ ಸಾಧನ ಕಣ್ಣಿಗೆ ಚಂದದ ಪ್ಲಾಸ್ಟಿಕ್ ಮೈ ತೊಟ್ಟು ಮಧ್ಯಮ ವರ್ಗದ ಹಜಾರಕ್ಕೆ ಬಂತು. ಚಕ್ರವೂ ಬಂತು, ರಿಮೋಟೂ ಬಂತು. ಹುಲ್ಲಿನ ಬದಲು ಜೇನುಗೂಡಿನಂಥ ಕಾಗದದ ಹಲಗೆಯೂ ಬಂತು.

ಈ ದಾರಿಯಲ್ಲಿ ಒಂದು ವಸ್ತು ಸದ್ದಿಲ್ಲದೆ ಬಿಟ್ಟುಹೋಯಿತು. ಅದು ಕಿಟಕಿ. ತಟ್ಟಿ ಇದ್ದದ್ದೇ ಕಿಟಕಿಯಲ್ಲಿ. ಥರ್ಮಾಂಟಿಡೋಟ್ ಕೂತದ್ದೂ ಕಿಟಕಿಯಲ್ಲೇ. ಹೊರಗಿನ ಒಣಗಾಳಿ ಒಂದು ಕಡೆಯಿಂದ ಬಂದು, ತೇವ ಹೊತ್ತ ಗಾಳಿ ಇನ್ನೊಂದು ಕಡೆಯಿಂದ ಹೋಗಬೇಕು. ಚಕ್ರ ಬಂದ ಮೇಲೆ ಜನ ಅದನ್ನು ಕೋಣೆಯ ನಡುವೆ ಎಳೆದು ತಂದು, ಏಸಿಯಂತೆ ಬಾಗಿಲು ಕಿಟಕಿ ಮುಚ್ಚಿ ಕುಳಿತರು. ಅರ್ಧ ಗಂಟೆ ಹಿತ. ಆಮೇಲೆ ಅದೇ ಗಾಳಿ ಮತ್ತೆ ಮತ್ತೆ ಒದ್ದೆಯಾಗಿ, ನೀರು ಆವಿಯಾಗುವುದೇ ನಿಂತು, ಕೋಣೆ ಇಡ್ಲಿ ಪಾತ್ರೆಯಾಗುತ್ತದೆ. ಕೂಲರ್ ಕೆಟ್ಟಿದೆ ಎಂದು ಅಂಗಡಿಗೆ ತರುವವರಲ್ಲಿ ಹೀಗೆ ಕಿಟಕಿ ಮುಚ್ಚಿ ಕೂತವರೇ ಬಹಳ ಎಂದು ರಿಪೇರಿಯವರೊಬ್ಬರು ನಕ್ಕರು.

ಅರ್ಧ ಲೀಟರಿನ ಲೆಕ್ಕ

ಈಗ ಆ ಪುಟ್ಟ ಕೂಲರ್‌ಗೆ ಬರೋಣ. ಅರ್ಧ ಲೀಟರ್ ನೀರು ನಾಲ್ಕೈದು ಗಂಟೆ ಬರುತ್ತದೆ. ಎಂದರೆ ಗಂಟೆಗೆ 100ರಿಂದ 125 ಮಿಲಿ ಲೀಟರ್. ಅಷ್ಟು ನೀರು ಆವಿಯಾಗುವಾಗ ಹೀರುವ ಶಾಖ ಗಂಟೆಗೆ ಸುಮಾರು 60ರಿಂದ 70 ಕಿಲೋ ಕ್ಯಾಲೊರಿ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಗಂಟೆಗೆ ಹೊರಬೀಳುವ ಶಾಖ ಸುಮಾರು 85 ಕಿಲೋ ಕ್ಯಾಲೊರಿ. ಅಂದರೆ ಅದರ ಮುಂದೆ ಕುಳಿತವನು ಕೋಣೆಗೆ ಸೇರಿಸುವ ಬಿಸಿಯನ್ನೂ ಅದು ಪೂರ್ತಿ ತೆಗೆಯಲಾರದು! ಇನ್ನು ಸೂರಿನ ಬಿಸಿಯ ಮಾತೆಲ್ಲಿ ಬಂತು? ಹತ್ತಡಿಗೆ ಹತ್ತಡಿಯ ಶೀಟಿನ ಮೇಲೆ ಏಪ್ರಿಲ್ ಮಧ್ಯಾಹ್ನ ಬೀಳುವ ಬಿಸಿಲು ಗಂಟೆಗೆ 7,000 ಕಿಲೋ ಕ್ಯಾಲೊರಿಯಷ್ಟು. ಅದರಲ್ಲಿ ಹತ್ತರಲ್ಲೊಂದು ಪಾಲು ಒಳಗಿಳಿದರೂ ಪುಟ್ಟ ಕೂಲರ್ ಹತ್ತು ಬೇಕು. ಒಂದೂವರೆ ಟನ್ ಏಸಿ ಹೊರಹಾಕುವುದು ಗಂಟೆಗೆ 4,500 ಕಿಲೋ ಕ್ಯಾಲೊರಿ. ಗಂಟೆಗೆ ಐದು ಲೀಟರ್ ನೀರು ಕುಡಿಯುವ ದೊಡ್ಡ ತಗಡಿನ ಕೂಲರ್‌ನ ಲೆಕ್ಕ 2,900.

ನೀರಿನ ಜೊತೆ ಮಂಜುಗಡ್ಡೆ ಹಾಕಿ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅರ್ಧ ಕಿಲೋ ಮಂಜುಗಡ್ಡೆ ಕರಗುವಾಗ ಹೀರುವುದು 40 ಕಿಲೋ ಕ್ಯಾಲೊರಿ ಮಾತ್ರ. ಅದನ್ನು ಮಾಡಿಕೊಟ್ಟ ಫ್ರಿಜ್ಜು ಅದಕ್ಕಿಂತ ಹೆಚ್ಚು ಬಿಸಿಯನ್ನು ಆಗಲೇ ಅದೇ ಮನೆಯೊಳಗೆ ಬಿಟ್ಟಿರುತ್ತದೆ.

ಹಾಗಾದರೆ ಮುಖಕ್ಕೆ ತಂಪಾಗುವುದು ಸುಳ್ಳೇ? ಸುಳ್ಳಲ್ಲ. ಒಂದು ಗೇಣು ದೂರದಲ್ಲಿ ಮುಖಕ್ಕೆ ಬಡಿಯುವ ಗಾಳಿ ನಿಜವಾಗಿಯೂ ತಂಪು. ನಮ್ಮ ಬೆವರನ್ನೂ ಅದು ಆರಿಸುತ್ತದೆ. ಅಂಗಡಿಯವರು ಹೇಳಿದ್ದು ಅಕ್ಷರಶಃ ಸರಿ.

ಸಿರುಗುಪ್ಪದ ತೇವ, ಕುರುಗೋಡಿನ ಬಂಡೆ

ದೊಡ್ಡ ಕೂಲರ್ ಆದರೂ ಎಲ್ಲೆಡೆ ಒಂದೇ ಸಮ ಕೆಲಸ ಮಾಡುವುದಿಲ್ಲ. ಇದನ್ನು ಅಳೆಯಲು ಹವಾಮಾನ ಕೇಂದ್ರದವರು ಎರಡು ಉಷ್ಣಮಾಪಕ ಇಡುತ್ತಾರೆ. ಒಂದರ ಬುಡ ಒಣ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಒದ್ದೆಯದು ತೋರಿಸುವ ಡಿಗ್ರಿಗಿಂತ ಕೆಳಗೆ ಇಂಥ ಯಾವ ಕೂಲರ್ ಕೂಡ ಗಾಳಿಯನ್ನು ಇಳಿಸಲಾರದು. ಹೊರಗೆ 40 ಡಿಗ್ರಿ, ಹವೆಯ ತೇವಾಂಶ ಶೇಕಡಾ 20 ಇದ್ದರೆ ಒದ್ದೆ ಮಾಪಕ 23ರ ಹತ್ತಿರ ನಿಲ್ಲುತ್ತದೆ. ಒಳ್ಳೆಯ ಕೂಲರ್ 26-27 ಡಿಗ್ರಿಯ ಗಾಳಿ ಕೊಡುತ್ತದೆ. ಬಳ್ಳಾರಿ ನಗರದ ಏಪ್ರಿಲ್ ಮಧ್ಯಾಹ್ನಕ್ಕೆ ಒಪ್ಪುವ ಲೆಕ್ಕ ಇದು. ಹೊರಗೆ 34 ಡಿಗ್ರಿ, ತೇವಾಂಶ ಶೇಕಡಾ 60 ಎಂದಿಟ್ಟುಕೊಳ್ಳಿ. ಆಗ ಅದೇ ಕೂಲರ್ ಕೊಡುವುದು 29 ಡಿಗ್ರಿಯ ಅಂಟುಗಾಳಿ. ಬಿಸಿಲು ಕಡಿಮೆಯಿದ್ದ ದಿನವೇ ಕೂಲರ್ ಸೋಲುತ್ತದೆ ಎಂಬುದು ವಿಚಿತ್ರವೆನಿಸಿದರೂ ನಿಜ.

ಸಿರುಗುಪ್ಪದ ಕಡೆ ಈ ವಿಚಾರ ಬೇರೆ ಬಣ್ಣ ತಾಳುತ್ತದೆ. ವಿಜಯನಗರದ ಕಾಲದಲ್ಲೇ ಇಲ್ಲಿ ತುಂಗಭದ್ರೆಯಿಂದ ಕಾಲುವೆ ತೆಗೆದಿದ್ದರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕೆಳಮಟ್ಟದ ಕಾಲುವೆ ಒಣಭೂಮಿಯನ್ನು ಭತ್ತದ ಕಣಜವಾಗಿಸಿತು. ಕಣ್ಣು ಹಾಯುವವರೆಗೆ ನೀರು ನಿಂತ ಗದ್ದೆ. ಆ ಗದ್ದೆಗಳೇ ಒಂದು ದೊಡ್ಡ ಒದ್ದೆ ತಟ್ಟಿ. ಗಾಳಿ ಅವುಗಳ ಮೇಲೆ ಹಾಯ್ದು ಊರಿಗೆ ಬರುವ ಹೊತ್ತಿಗೆ ತನ್ನ ಪಾಲಿನ ನೀರನ್ನು ಆಗಲೇ ಕುಡಿದಿರುತ್ತದೆ. ಬಿಸಿಲು ಒಂದೆರಡು ಡಿಗ್ರಿ ತಗ್ಗಿದರೂ ಬೆವರು ಆರುವುದಿಲ್ಲ. "ಗದ್ದಿಗೆ ನೀರು ಬಿಟ್ಟಾಗ ಕೂಲರ್ ಹಚ್ಚಿದ್ರ ಮೈಯೆಲ್ಲ ಜಿಗಟು" ಎಂದು ಅಲ್ಲಿನ ಹೋಟೆಲೊಂದರಲ್ಲಿ ಹಿರಿಯರೊಬ್ಬರು ಹೇಳಿದ್ದು ಇದನ್ನೇ. ಅಲ್ಲಿ ಅಂಥ ದಿನಗಳಲ್ಲಿ ನೀರಿಲ್ಲದೆ ಬರೀ ಫ್ಯಾನು ಹಾಕಿಕೊಳ್ಳುವುದೇ ಲೇಸು.

ಕುರುಗೋಡಿನ ತೊಂದರೆ ಇನ್ನೊಂದು ಬಗೆ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಈ ಊರನ್ನು ಬಂಡೆಗಳ ಬೆಟ್ಟ ಕಾಯುತ್ತದೆ. ಹಗಲೆಲ್ಲ ಕಾದ ಬಂಡೆ ಇರುಳೆಲ್ಲ ಬಿಸಿ ಉಗುಳುತ್ತದೆ. ಬಳ್ಳಾರಿ ಗುಡ್ಡದ ಬುಡದ ಓಣಿಗಳವರಿಗೂ ಈ ಅನುಭವ ಹೊಸದಲ್ಲ. ಆದರೆ ಅದೇ ಕಲ್ಲು ದೊಡ್ಡಬಸವೇಶ್ವರ ಗುಡಿಯೊಳಗೆ ಮಧ್ಯಾಹ್ನ ಕಾಲಿಟ್ಟರೆ ತಣ್ಣಗಿದೆ. ವ್ಯತ್ಯಾಸವಿಷ್ಟೇ: ಗುಡಿಯ ದಪ್ಪ ಕಲ್ಲಿಗೆ ಬಿಸಿ ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಹವೆ ಒಣಗಿರುವುದರಿಂದ ಇಲ್ಲಿ ತಟ್ಟಿಗೂ ಕೂಲರ್‌ಗೂ ಒಳ್ಳೆಯ ಕೆಲಸವಿದೆ, ಕಿಟಕಿ ತೆರೆದಿದ್ದರೆ.

ಕೊಡದ ಲೆಕ್ಕ

ದೊಡ್ಡ ಕೂಲರ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ 60 ಲೀಟರ್ ನೀರು, ಎಂದರೆ ಹನ್ನೆರಡು ಲೀಟರಿನ ಐದು ಕೊಡ. ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಬರುವುದು ಹಲವು ದಿನಗಳಿಗೊಮ್ಮೆ ಎಂಬ ಬಡಾವಣೆಗಳಲ್ಲಿ ಈ ಐದು ಕೊಡ ಸಣ್ಣ ಮಾತಲ್ಲ. ಕೊಳವೆಬಾವಿಯ ಗಡಸು ನೀರು ಹಾಕಿದರೆ ಮೆತ್ತೆಗೆ ಬಿಳಿ ಉಪ್ಪು ಕಟ್ಟಿ ಒಂದೇ ಬೇಸಿಗೆಗೆ ಅದು ಮೊಂಡಾಗುತ್ತದೆ. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಒಣಗಿದ ತೊಟ್ಟಿಯ ಅಂಚಿನಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆಯಾದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. ತಗಡಿನ ಕೂಲರ್‌ಗೆ ಅರ್ಥಿಂಗ್ ಇಲ್ಲದೆ ಒದ್ದೆ ಕೈಯಲ್ಲಿ ಮುಟ್ಟುವುದು ಪ್ರಾಣಕ್ಕೇ ಸಂಚಕಾರ.

ಇನ್ನೊಂದು ಎಚ್ಚರಿಕೆ ವಿಶ್ವ ಆರೋಗ್ಯ ಸಂಸ್ಥೆಯದು. ಗಾಳಿ 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನು ಮೈಯನ್ನು ತಣಿಸುವುದರ ಬದಲು ಬಿಸಿಮಾಡುತ್ತದೆ. ಬೆವರು ಕಡಿಮೆಯಾದ ಮುದುಕರಿಗೆ ಅಪಾಯ ಹೆಚ್ಚು. ಅಂಥವರ ಮೈಗೆ ಒದ್ದೆ ಬಟ್ಟೆ ಹಾಕುವುದು ಅರ್ಧ ಲೀಟರಿನ ಕೂಲರ್‌ಗಿಂತ ಮೇಲು. ಅದೇ ಅರ್ಧ ಲೀಟರ್ ನೀರು ಆಗ ಕೋಣೆಯ ಗಾಳಿಯಲ್ಲಿ ಕಳೆದುಹೋಗದೆ ಮೈಮೇಲೇ ಆರುತ್ತದೆ.

ಇಷ್ಟನ್ನು ಕೌಲ್ ಬಜಾರ್‌ನ ಆ ಮನೆಗೆ ಹೋಗಿ ಒಪ್ಪಿಸಿದೆ. ಪುಟ್ಟ ಕೂಲರ್ ಬೇಡ ಅಕ್ಕಾ, ಮೊದಲು ಶೀಟಿಗೆ ದಪ್ಪಗೆ ಸುಣ್ಣ ಬಳಿಸಿ, ಪಡುವಣ ಕಿಟಕಿಗೆ ಗೋಣಿತಟ್ಟು ಕಟ್ಟಿ ನೀರು ಹಾಕಿ, ಎದುರಿನ ಬಾಗಿಲು ತೆರೆದಿಡಿ, ಅಜ್ಜಿಗೆ ಒದ್ದೆ ಸೀರೆ ಹೊದೆಸಿ ಎಂದೆ. "ಬಾಗ್ಲಾ ತೆಗೆದ್ರ ಧೂಳು ಬಂದು ಹೊಲದಿದ್ದ ಪ್ಯಾಂಟ್ ಕೆಡ್ತಾವಲ್ಲಣ್ಣ" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಯ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಬಹಳ ವರ್ಷಗಳಿಂದ ಇದೆ. ತುಂಡಿನ ಲೆಕ್ಕದಲ್ಲಿ ಹೊಲಿಯುವವರಿಗೆ ಅಂಥ ಆದೇಶ ಹೊರಡಿಸುವವರು ಯಾರು?

ಈ ವರ್ಷ ಮತ್ತೆ ಆ ಓಣಿಯಲ್ಲಿ ಹಾದುಹೋದೆ. ಶೀಟು ಬೆಳ್ಳಗೆ ಹೊಳೆಯುತ್ತಿತ್ತು. ಕಿಟಕಿಯಲ್ಲಿ ಒದ್ದೆ ಗೋಣಿ ನೇತಾಡುತ್ತಿತ್ತು. ಹೊಲಿದ ಪ್ಯಾಂಟುಗಳಿಗೆ ಹಳೆಯ ಸೀರೆ ಮುಚ್ಚಿ, ಯಂತ್ರವನ್ನು ಬಾಗಿಲ ಹತ್ತಿರಕ್ಕೆ ಸರಿಸಿಕೊಂಡಿದ್ದರು. ಸೆಕೆ ಹೋಗಿದೆಯೇ ಎಂದು ಕೇಳಿದೆ. "ಹೋಗಿಲ್ಲಣ್ಣ. ಅತ್ತಿ ಮಾತ್ರ ನಿದ್ದಿ ಮಾಡ್ತಾರ" ಎಂದರು.

ನನ್ನ ಪುಟ್ಟ ಕೂಲರ್ ಈಗಲೂ ಮೇಜಿನ ಮೇಲಿದೆ. ಇದನ್ನು ಬರೆಯುತ್ತಿರುವಾಗ ಮುಖಕ್ಕೆ ಹಿತವಾಗಿ ಬೀಸುತ್ತಿದೆ. ಬೆನ್ನು ಮಾತ್ರ ತೊಯ್ದು ತೊಪ್ಪೆಯಾಗಿದೆ.